ತಂಬಾಕು ಬಿಡುವವರಿಗೆ ನಿಕೋಟಿನ್ ಬದಲಿ ಚಿಕಿತ್ಸೆ ಮತ್ತು ಸ್ವಸಹಾಯ: ಸೊಲ್ಲಾಪುರ–ಅಕ್ಕಲಕೋಟ ಪ್ರದೇಶ

ಬೀಡಿ, ಸಿಗರೇಟು ಸೇದುವವರು ಅಥವಾ ಬಾಯಲ್ಲಿ ತಂಬಾಕು ಇಟ್ಟುಕೊಳ್ಳುವವರು ಚಟ ಬಿಡಲು ಹೊರಟಾಗ ಅವರ ದೇಹ ನಿಕೋಟಿನ್ ಬೇಡುತ್ತದೆ. ಅದನ್ನು ಹೊಗೆ, ಟಾರು, ತಂಬಾಕು ಯಾವುದೂ ಇಲ್ಲದ ರೂಪದಲ್ಲಿ ಅಳೆದು ಕೊಟ್ಟು, ವಾರಗಳು ಕಳೆದಂತೆ ಅಳತೆ ಇಳಿಸುತ್ತ ಹೋಗಿ, ಕೊನೆಗೆ ಪೂರ್ತಿ ನಿಲ್ಲಿಸುವ ಕ್ರಮಕ್ಕೆ ನಿಕೋಟಿನ್ ಬದಲಿ ಚಿಕಿತ್ಸೆ ಎಂದು ಹೆಸರು. ಅಗಿಯುವ ಗಮ್ಮು, ಚೀಪುವ ಮಾತ್ರೆ, ಚರ್ಮಕ್ಕೆ ಅಂಟಿಸುವ ಪಟ್ಟಿ ಭಾರತದಲ್ಲಿ ಸಿಗುವ ಮುಖ್ಯ ರೂಪಗಳು. ದೂರವಾಣಿಯ ಸಲಹೆ, ಮೊಬೈಲ್ ಸಂದೇಶ, ಕೈಪಿಡಿ, ಮನೆಯವರ ಒತ್ತಾಸೆ, ಮಠ ಮತ್ತು ಸಂಘಗಳ ಮುಂದೆ ಮಾಡುವ ಸಂಕಲ್ಪ ಇವೆಲ್ಲ ಸ್ವಸಹಾಯದ ನೆರವಿಗೆ ಸೇರುತ್ತವೆ.

ಮಹಾರಾಷ್ಟ್ರದ ದಕ್ಷಿಣ ಅಂಚಿನ ಸೊಲ್ಲಾಪುರ ನಗರ ಮತ್ತು ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟ ತಾಲ್ಲೂಕು ಮರಾಠಿ, ಕನ್ನಡ, ತೆಲುಗು, ದಖನಿ ಉರ್ದು ನಾಲ್ಕೂ ಬೆರೆತ ನೆಲ. ನಾಗಣಸೂರ, ತೋಳನೂರ, ಕರಜಗಿ, ತಡವಳ, ಮೈಂದರ್ಗಿ, ದುಧನಿ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಈ ಪ್ರದೇಶದಲ್ಲಿ ಸಿಗರೇಟಿನವರು ಕಡಿಮೆ. ಮಿಸ್ರಿ, ಮಾವಾ, ಗುಟ್ಕಾ, ಸುಣ್ಣ-ತಂಬಾಕು, ಬೀಡಿಯವರೇ ಹೆಚ್ಚು. ಸಿಗರೇಟು ಸೇದುವವರಿಗೆಂದು ಹುಟ್ಟಿದ ಚಿಕಿತ್ಸೆ ಇವರಿಗೆ ಎಷ್ಟರಮಟ್ಟಿಗೆ ಒಗ್ಗುತ್ತದೆ, ಯಾವ ಮಾತಿನಲ್ಲಿ ಇವರನ್ನು ತಲುಪುತ್ತದೆ ಎಂಬುದರ ಮೇಲೆಯೇ ಇಲ್ಲಿ ಅದರ ಫಲ ನಿಂತಿದೆ.

ತಂಬಾಕು ಬಂದ ದಾರಿ

ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಇಳಿದ ತಂಬಾಕು ಬಹುಬೇಗ ದಖನ್ನಿನ ಒಳನಾಡಿಗೆ ಹಬ್ಬಿತು. ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅಲ್ಲಿ ಅದನ್ನು ಕಂಡು, 1604–05ರ ಸುಮಾರಿಗೆ ಕೊಳವೆ ಸಮೇತ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟನೆಂದು ತಾನೇ ಬರೆದಿಟ್ಟಿದ್ದಾನೆ. ಆಸ್ಥಾನದ ಹಕೀಮರು ಅಂದೇ ಬೇಡವೆಂದಿದ್ದರು. ಜಹಾಂಗೀರ್ 1617ರಲ್ಲಿ ನಿಷೇಧದ ಆಜ್ಞೆ ಹೊರಡಿಸಿದ, ಯಾರೂ ಕೇಳಲಿಲ್ಲ. ಉತ್ತರ ಭಾರತಕ್ಕೆ ತಂಬಾಕಿನ ರುಚಿ ಹತ್ತಿಸಿದ ಬಿಜಾಪುರ ಸೊಲ್ಲಾಪುರದಿಂದ ಸುಮಾರು ನೂರು ಕಿ.ಮೀ. ದೂರ. ನಾಲ್ಕು ನೂರು ವರ್ಷ ಈ ನೆಲದಲ್ಲಿ ಬೇರು ಬಿಟ್ಟ ಬಳಕೆ ಇದು ಎಂಬುದನ್ನು, ಒಂದೇ ಭಾಷಣದಿಂದ ಚಟ ಬಿಡಿಸಲು ಹೊರಡುವವರು ನೆನಪಿನಲ್ಲಿ ಇಡಬೇಕು.

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಪೇಟೆ. ತಂಬಾಕಿನ ಬೆಲೆಗಾಗಿ 1981ರಲ್ಲಿ ಅಲ್ಲಿ ನಡೆದ ರೈತ ಚಳವಳಿ ಗೋಲಿಬಾರಿನಲ್ಲಿ ಮುಗಿಯಿತು. ಬೆಳೆಯುವವರು, ಬೀಡಿ ಕಟ್ಟುವವರು, ಮಾರುವವರು, ಬಳಸುವವರು ಎಲ್ಲರೂ ಮಹಾರಾಷ್ಟ್ರ–ಕರ್ನಾಟಕ ಗಡಿಯ ಎರಡೂ ಬದಿಯಲ್ಲಿ ಅಕ್ಕಪಕ್ಕದಲ್ಲೇ ಇದ್ದಾರೆ.

ಯಾರು, ಏನನ್ನು ಬಳಸುತ್ತಾರೆ

ವಯಸ್ಕರ ತಂಬಾಕು ಬಳಕೆ ಕುರಿತು 2016–17ರಲ್ಲಿ ನಡೆದ ಎರಡನೆಯ ಜಾಗತಿಕ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ಶೇ. 26.6 ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. ಇವರಲ್ಲಿ ಸೇದುವವರು ತೀರ ಕಡಿಮೆ: ರಾಜ್ಯದ ವಯಸ್ಕರಲ್ಲಿ ಶೇ. 3.8 ಮಾತ್ರ. ಹೊಗೆಯಿಲ್ಲದ ತಂಬಾಕಿನವರು ಶೇ. 24.4. ಕರ್ನಾಟಕದಲ್ಲಿ ಒಟ್ಟು ಶೇ. 22.8, ಸೇದುವವರು ಶೇ. 8.8, ಹೊಗೆಯಿಲ್ಲದ ತಂಬಾಕಿನವರು ಶೇ. 16.3. ಅಂದರೆ ಸೊಲ್ಲಾಪುರದಂಥ ಊರಿನಲ್ಲಿ ‘ಧೂಮಪಾನ ಬಿಡಿ’ ಎಂಬ ಫಲಕವನ್ನು ಓದುವ ತಂಬಾಕಿನವರಲ್ಲಿ ಬಹುಪಾಲು ಜನ ಅದು ತಮಗೆ ಹೇಳಿದ್ದಲ್ಲವೆಂದೇ ಮುಂದೆ ಹೋಗುತ್ತಾರೆ.

ಹೆಂಗಸರಲ್ಲಿ ಹೆಚ್ಚಿನದು ಮಿಸ್ರಿ. ಕೆಲವರ ಬಾಯಲ್ಲಿ ಅದು ಮಶೇರಿ. ಒಣ ತಂಬಾಕನ್ನು ಹಂಚಿನ ಮೇಲೆ ಕರ್ರಗಾಗುವವರೆಗೆ ಹುರಿದು, ಪುಡಿ ಮಾಡಿ, ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ತೋರುಬೆರಳಿಗೆ ಹಚ್ಚಿಕೊಂಡು ಹಲ್ಲು, ವಸಡು ತಿಕ್ಕುತ್ತಾರೆ. ಹಲ್ಲು ತಿಕ್ಕುವ ಪುಡಿಯಾಗಿ, ಹಲ್ಲುನೋವಿನ ಮದ್ದಾಗಿ ಶುರುವಾದದ್ದು ದಿನಕ್ಕೆ ನಾಲ್ಕೈದು ಸಲಕ್ಕೆ ಬೆಳೆಯುತ್ತದೆ. ತಿಕ್ಕದಿದ್ದರೆ ತಲೆ ಹಿಡಿಯುತ್ತದೆ, ಹೊಟ್ಟೆ ಸಾಫಾಗುವುದಿಲ್ಲ, ಕೆಲಸಕ್ಕೆ ಕೈ ಹತ್ತುವುದಿಲ್ಲ. ತಾನು ತಂಬಾಕಿನ ಚಟದವಳು ಎಂದು ಇಂಥ ಹೆಣ್ಣುಮಗಳು ಯಾವತ್ತೂ ಅಂದುಕೊಂಡಿರುವುದಿಲ್ಲ. ಆಸ್ಪತ್ರೆಯಲ್ಲಿ ‘ತಂಬಾಕು ತಿಂತೀರೇನು?’ ಎಂದು ಕೇಳಿದರೆ ಇಲ್ಲವೆನ್ನುತ್ತಾಳೆ, ಅದು ಸುಳ್ಳಲ್ಲ. ‘ಆಯಿ, ಹಲ್ಲಿಗೆ ಏನ ಹಚ್ಚತೀರಿ?’ ಎಂದು ಕೇಳಿದರೆ ಮಾತ್ರ ಮಿಸ್ರಿ ಡಬ್ಬಿಯ ಸುದ್ದಿ ಹೊರಬರುತ್ತದೆ. ಬಸುರಿನಲ್ಲಿ ಹೊಗೆಯಿಲ್ಲದ ತಂಬಾಕು ಬಳಸಿದವರ ಕೂಸು ತೂಕ ಕಡಿಮೆಯಾಗಿ, ದಿನ ತುಂಬುವ ಮೊದಲೇ ಹುಟ್ಟುವುದು ಹೆಚ್ಚೆಂದು ಮುಂಬಯಿಯಲ್ಲಿ ನಡೆದ ಅಧ್ಯಯನ 2004ರಲ್ಲಿ ತೋರಿಸಿದೆ.

ಗಂಡಸರಲ್ಲಿ ಹಿರಿಯರದು ಅಂಗೈಯಲ್ಲಿ ತಿಕ್ಕಿದ ಸುಣ್ಣ-ತಂಬಾಕು, ಚಂಚಿಯ ಎಲೆ-ಅಡಿಕೆ, ಬೀಡಿ. ಹುಡುಗರದು ಮಾವಾ ಮತ್ತು ಗುಟ್ಕಾ. ಅಡಿಕೆ ಚೂರು, ತಂಬಾಕು, ಸುಣ್ಣ ಮೂರನ್ನೂ ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ಕೊಡುವ ಮಾವಾ ಪಾನಪಟ್ಟಿ ಅಂಗಡಿಗಳಲ್ಲೇ ತಯಾರಾಗುತ್ತದೆ. ಅದಕ್ಕೆ ಪೊಟ್ಟಣವೂ ಇಲ್ಲ, ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರವೂ ಇಲ್ಲ. ಬೀಡಿ ಸಿಗರೇಟಿಗಿಂತ ಹಗುರವೆಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿ ಕೂತಿದೆ. ಒಂದು ಬೀಡಿಯಲ್ಲಿ ತಂಬಾಕು ಕಡಿಮೆಯೇನೋ ಹೌದು. ಆದರೆ ತೂಬರೆ ಎಲೆಯೊಳಗೆ ಗಾಳಿ ಸುಲಭವಾಗಿ ಆಡುವುದಿಲ್ಲ, ಬಿಡದೆ ಎಳೆಯದಿದ್ದರೆ ಆರಿಹೋಗುತ್ತದೆ. ಹಾಗಾಗಿ ಸೇದುವವನು ಹೆಚ್ಚು ಸಲ, ಹೆಚ್ಚು ಜೋರಾಗಿ ಎಳೆಯುತ್ತಾನೆ; ನಿಕೋಟಿನ್, ಟಾರು, ಕಾರ್ಬನ್ ಮೊನಾಕ್ಸೈಡು ಸಿಗರೇಟಿಗಿಂತ ಹೆಚ್ಚಾಗಿಯೇ ಎದೆ ಸೇರುತ್ತವೆ.

ಈ ಬಳಕೆಯ ಬೆಲೆ ಎಷ್ಟೆಂದು ಬಲ್ಲ ಸಂಸ್ಥೆಯೊಂದು ಇದೇ ಜಿಲ್ಲೆಯಲ್ಲಿದೆ. ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಗೆ ಹೊಂದಿಕೊಂಡು 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯದೆ, ಕಾರ್ಯಕರ್ತರೇ ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ ಹಳ್ಳಿಹಳ್ಳಿಗೆ ಹೋಗಿ, ಜನರೊಡನೆ ಮಾತಾಡಿ, ಅನುಮಾನ ಬಂದವರನ್ನು ಪರೀಕ್ಷೆಗೆ ಕಳಿಸಿ ಲೆಕ್ಕ ಬರೆದರು. ಹಳ್ಳಿಗರಲ್ಲಿ ಕ್ಯಾನ್ಸರನ್ನು ಮೊದಲೇ ಗುರುತಿಸುವುದಕ್ಕೆ ಆಸ್ಪತ್ರೆಗಿಂತ ಅಂಗಳದ ಮಾತುಕತೆ ಮುಖ್ಯ ಎಂಬುದನ್ನು ಬಾರ್ಶಿ ಕೆಲಸದಲ್ಲಿ ತೋರಿಸಿತು. ತಂಬಾಕು ಬಿಡಿಸುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಮಾದರಿ ಹುಡುಕಬೇಕಾಗಿಲ್ಲ.

ಚಿಕಿತ್ಸೆ ಹುಟ್ಟಿದ ಬಗೆ

1967ರಲ್ಲಿ ಸ್ವೀಡನ್ನಿನ ವಿಜ್ಞಾನಿ ಕ್ಲೇಸ್ ಲುಂಡ್‌ಗ್ರೆನ್ ತನ್ನ ಗೆಳೆಯ ಓವೆ ಫೆರ್ನೋಗೆ ಒಂದು ಸಂಗತಿ ತಿಳಿಸಿದ. ಜಲಾಂತರ್ಗಾಮಿಯೊಳಗೆ ಸಿಗರೇಟು ಸೇದಲಾಗದ ನಾವಿಕರು ಬಾಯಿ-ತಂಬಾಕಿಗೆ ಹೊರಳಿ, ಹೊಗೆಯಿಲ್ಲದೆಯೇ ದಿನ ದೂಡುತ್ತಿದ್ದರು. ಹಾಗಾದರೆ ನಿಕೋಟಿನನ್ನು ತಂಬಾಕಿನಿಂದ ಬೇರೆ ಮಾಡಿ ಕೊಟ್ಟರೆ ಹೇಗೆ ಎಂಬ ಯೋಚನೆ ಅಲ್ಲಿಂದ ಹುಟ್ಟಿತು. ಹೆಲ್ಸಿಂಗ್‌ಬೋರಿಯ ಲಿಯೋ ಔಷಧ ಕಂಪನಿಯಲ್ಲಿ ಫೆರ್ನೋ ಅದನ್ನು ಗಮ್ಮಿನಲ್ಲಿ ಕಟ್ಟಿಡುವ ದಾರಿ ಕಂಡುಹಿಡಿದ. ಗಮ್ಮಿಗೆ 1978ರಲ್ಲಿ ಸ್ವಿಟ್ಜರ್ಲೆಂಡ್, 1984ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. 1990ರ ದಶಕದ ಮೊದಲಲ್ಲಿ ಚರ್ಮದ ಪಟ್ಟಿ ಬಂತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಈ ಚಿಕಿತ್ಸೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದ ರಾಷ್ಟ್ರೀಯ ಪಟ್ಟಿಗೆ ಅದು ಸೇರಿದ್ದು 2022ರಲ್ಲಿ.

ಕ್ಯಾನ್ಸರ್ ತರುವುದು ಮುಖ್ಯವಾಗಿ ಹೊಗೆಯ ಟಾರು ಮತ್ತು ತಂಬಾಕಿನೊಳಗಿನ ನೈಟ್ರೋಸಮೈನುಗಳು. ನಿಕೋಟಿನ್ ಕಟ್ಟಿಹಾಕುವ ವಸ್ತು. ಬಾಯಲ್ಲಿನ ಬೀಡಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮಿದುಳಿಗೆ ನಿಕೋಟಿನ್ ಮುಟ್ಟಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೆ ಅರ್ಧಕ್ಕಿಳಿಯುತ್ತದೆ, ಮತ್ತೆ ಕೈ ಜೇಬಿಗೆ ಹೋಗುತ್ತದೆ. ಗಮ್ಮು, ಪಟ್ಟಿಗಳು ನಿಕೋಟಿನನ್ನು ನಿಧಾನವಾಗಿ, ಕಡಿಮೆ ಮಟ್ಟದಲ್ಲಿ ಕೊಡುತ್ತವೆ. ಸೇದಿದಾಗಿನ ಖುಷಿ ಅವುಗಳಿಂದ ಬರುವುದಿಲ್ಲ, ಬರಲೂಬಾರದು. ಬಿಟ್ಟ ಮೊದಲ ವಾರ ತಾರಕಕ್ಕೇರಿ ಎರಡರಿಂದ ನಾಲ್ಕು ವಾರ ಕಾಡುವ ಸಿಡುಕು, ನಿದ್ದೆಗೇಡು, ಏಕಾಗ್ರತೆ ಇಲ್ಲದಿರುವುದು, ಹಸಿವು ಹೆಚ್ಚುವುದು ಇವನ್ನು ತಡೆದುಕೊಳ್ಳುವಷ್ಟಕ್ಕೆ ಇಳಿಸುವುದು ಅವುಗಳ ಕೆಲಸ.

2018ರ ಕಾಕ್ರೇನ್ ವಿಮರ್ಶೆ 133 ಪ್ರಯೋಗಗಳಲ್ಲಿ ಭಾಗವಹಿಸಿದ 64 ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶವನ್ನು ಒಟ್ಟುಗೂಡಿಸಿ, ಈ ಚಿಕಿತ್ಸೆಯಿಂದ ಬಿಡುವವರ ಯಶಸ್ಸು ಶೇ. 50ರಿಂದ 60ರಷ್ಟು ಹೆಚ್ಚುತ್ತದೆ ಎಂದಿತು. ಈ ಅಂಕಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಯಾರ ನೆರವೂ ಇಲ್ಲದೆ ಒಂದು ಸಲ ಪ್ರಯತ್ನಿಸಿದ ನೂರು ಜನರಲ್ಲಿ ಬಹುಕಾಲ ಬಿಟ್ಟೇ ಉಳಿಯುವವರು ಮೂರರಿಂದ ಐದು ಮಂದಿ. ಔಷಧ ಆ ಸಂಖ್ಯೆಯನ್ನು ಒಂದೂವರೆ ಪಟ್ಟು ಮಾಡುತ್ತದೆ. ಸಲಹೆ ಸೇರಿದಾಗ ಇನ್ನಷ್ಟು ಏರುತ್ತದೆ. ಪಟ್ಟಿ ಹಚ್ಚಿಕೊಂಡೇ ನಡುನಡುವೆ ಗಮ್ಮು ಅಥವಾ ಮಾತ್ರೆ ಬಳಸಿದರೆ ಒಂದೇ ಬಗೆಯದ್ದಕ್ಕಿಂತ ಫಲ ಹೆಚ್ಚು. ಎರಡು ಮೂರು ಸಲ ಬಿಟ್ಟು ಮತ್ತೆ ಹಿಡಿದವರು ಸೋತವರಲ್ಲ. ಕೊನೆಗೆ ಬಿಟ್ಟವರಲ್ಲಿ ಬಹುತೇಕರ ದಾರಿ ಇದೇ.

ಬಳಸುವ ರೀತಿ

ಭಾರತದಲ್ಲಿ 2 ಮಿ.ಗ್ರಾಂ. ಗಮ್ಮು ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ. 4 ಮಿ.ಗ್ರಾಂ. ಗಮ್ಮಿಗೆ ಚೀಟಿ ಬೇಕು. ಯಾರಿಗೆ ಯಾವುದು ಎಂಬುದನ್ನು ಒಂದು ಪ್ರಶ್ನೆಯಿಂದಲೇ ಬಹುಮಟ್ಟಿಗೆ ತಿಳಿಯಬಹುದು.

‘ಕಾಕಾ, ಎದ್ದ ಮ್ಯಾಲೆ ಎಷ್ಟೊತ್ತಿಗೆ ಮೊದಲನೇ ಬೀಡಿ ಹಚ್ಚತೀರಿ?’

‘ಚಹಾ ಕುಡದ ಕೂಡಲೆ ಬೇಕರೀ. ಅದಿಲ್ಲಂದ್ರ ಕಡೀಗ ಹೋಗೂದ ಆಗೂದಿಲ್ಲ.’

ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕೆನ್ನುವವರ ಅವಲಂಬನೆ ಗಟ್ಟಿ. ಅವರಿಗೆ 4 ಮಿ.ಗ್ರಾಂ. ಸೂಕ್ತ. ಉಳಿದವರಿಗೆ 2 ಮಿ.ಗ್ರಾಂ. ಸಾಕು.

ಗಮ್ಮು ಕೆಲಸ ಮಾಡಲಿಲ್ಲವೆನ್ನುವವರಲ್ಲಿ ಹೆಚ್ಚಿನವರು ಅದನ್ನು ಚ್ಯೂಯಿಂಗ್ ಗಮ್ಮಿನಂತೆ ಬಿಡದೆ ಅಗಿದು, ರಸ ನುಂಗಿರುತ್ತಾರೆ. ಹೊಟ್ಟೆಗಿಳಿದ ನಿಕೋಟಿನಿನಿಂದ ಬಿಕ್ಕಳಿಕೆ, ಓಕರಿಕೆ, ಎದೆಯುರಿ ಬರುತ್ತವೆಯೇ ಹೊರತು ತಲಬು (ತಂಬಾಕಿನ ತುಡಿತ) ಇಳಿಯುವುದಿಲ್ಲ. ಸರಿಯಾದ ಕ್ರಮವೆಂದರೆ, ನಿಧಾನವಾಗಿ ಅಗಿಯಬೇಕು; ಮೆಣಸಿನಂಥ ಖಾರ ಅಥವಾ ಚುರುಚುರು ನಾಲಗೆಗೆ ಹತ್ತಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಒಂದೆರಡು ಸಲ ಅಗಿದು ಇನ್ನೊಂದು ಬದಿಗೆ ಇಡಬೇಕು. ಹೀಗೆ ಒಂದು ಗಮ್ಮು ಸುಮಾರು ಅರ್ಧ ಗಂಟೆ ಬಾಳುತ್ತದೆ. ದವಡೆಯಲ್ಲಿ ತಂಬಾಕು ಇಟ್ಟು ರೂಢಿಯಾದವರಿಗೆ ಈ ಕ್ರಮ ಸಿಗರೇಟಿನವರಿಗಿಂತ ಬೇಗ ಒಗ್ಗಬೇಕು. ಹೇಳಿಕೊಡುವವರು ಮಾತ್ರ ಕಡಿಮೆ.

ಇನ್ನೊಂದು ತೊಡಕು ಚಹಾ. ನಿಕೋಟಿನ್ ಬಾಯಿಯ ಒಳಪದರದಿಂದ ರಕ್ತಕ್ಕೆ ಸೇರಬೇಕಾದರೆ ಬಾಯಲ್ಲಿ ಹುಳಿ ಅಂಶ ಇರಬಾರದು. ಚಹಾ, ಕಾಫಿ, ತಂಪು ಪಾನೀಯ, ಲಿಂಬು ಶರಬತ್ತು ಕುಡಿದ ಬಾಯಲ್ಲಿ ಗಮ್ಮು ದಂಡ. ಹದಿನೈದು ನಿಮಿಷ ಮೊದಲು ಮತ್ತು ಗಮ್ಮು ಬಾಯಲ್ಲಿರುವಷ್ಟು ಹೊತ್ತು ನೀರು ಬಿಟ್ಟು ಬೇರೇನೂ ಬೇಡ. ಗಂಟೆಗೊಮ್ಮೆ ‘ಕಟ್ ಚಹಾ’ ಕುಡಿಯುವ ಮಗ್ಗದ ಕಾರ್ಮಿಕನಿಗೆ, ರಿಕ್ಷಾದವನಿಗೆ ಈ ಒಂದು ಮಾತು ಹೇಳದೆ ಗಮ್ಮು ಕೊಟ್ಟರೆ ಅವನ ದುಡ್ಡೂ ನಂಬಿಕೆಯೂ ಹಾಳು.

ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು ಎಂಬುದು ರೂಢಿಯ ಲೆಕ್ಕ. ದಿನಕ್ಕೆ 24 ಮೀರಬಾರದು. ಜನ ತಪ್ಪುವುದು ಹೆಚ್ಚು ತಿಂದಲ್ಲ, ಕಡಿಮೆ ತಿಂದು: ತಲಬು ತಡೆಯಲಾಗದಷ್ಟು ಏರಿದ ಮೇಲೆ ಒಂದು ಗಮ್ಮು ಹಾಕಿಕೊಂಡು, ಹದಿನೈದು ದಿನಕ್ಕೇ ಬಿಟ್ಟುಬಿಡುತ್ತಾರೆ. ಪಟ್ಟಿಯನ್ನು ಬೆಳಿಗ್ಗೆ ತೋಳು, ಬೆನ್ನು, ಎದೆಯ ಒಣ ಚರ್ಮದ ಮೇಲೆ ಅಂಟಿಸಿ, ದಿನಕ್ಕೊಂದು ಜಾಗ ಬದಲಿಸಬೇಕು. 21, 14, 7 ಮಿ.ಗ್ರಾಂ. ಎಂದು ಮೆಟ್ಟಿಲಾಗಿ ಇಳಿಸುತ್ತಾರೆ. ಸೊಲ್ಲಾಪುರದ ಏಪ್ರಿಲ್–ಮೇ ಬಿಸಿಲಿನ ಬೆವರಿಗೆ ಪಟ್ಟಿ ಅಂಟು ಬಿಡುವುದುಂಟು. ಹೊಲದ ಕೆಲಸದವರು ಮೈ ತೊಳೆದು, ಎಣ್ಣೆ ಹಚ್ಚದ ಚರ್ಮವನ್ನು ಚೆನ್ನಾಗಿ ಒರೆಸಿ ಅಂಟಿಸಬೇಕು.

ಇತ್ತೀಚೆಗೆ ಹೃದಯಾಘಾತವಾದವರು, ಎದೆನೋವು ಹೆಚ್ಚುತ್ತಿರುವವರು, ಬಸುರಿಯರು, ಎದೆಹಾಲು ಕುಡಿಸುವವರು ವೈದ್ಯರನ್ನು ಕೇಳದೆ ಇವನ್ನು ಬಳಸಬಾರದು. ಬಸುರಿಯರಿಗೆ ಮಾತಿನ ನೆರವೇ ಮೊದಲ ಚಿಕಿತ್ಸೆ. ಗಮ್ಮು, ಬಳಸಿದ ಪಟ್ಟಿ ಎರಡೂ ಮಕ್ಕಳಿಗೆ ವಿಷ, ಕೈಗೆಟುಕದಂತೆ ಇಡಬೇಕು. ನಿಕೋಟಿನ್ ಅಲ್ಲದ ವರೆನಿಕ್ಲಿನ್, ಬ್ಯುಪ್ರೊಪಿಯಾನ್ ಮಾತ್ರೆಗಳೂ ಇವೆ, ಅವು ವೈದ್ಯರ ಚೀಟಿಯ ಮೇಲೆಯೇ.

ಬಾಯಿ ತೆರೆಯದವರು

ಇಲ್ಲಿನ ರೋಗಿಯ ಮುಂದೆ ಪಠ್ಯಪುಸ್ತಕದ ಸಲಹೆ ತಡವರಿಸುವ ಜಾಗ ಇದು. ವರ್ಷಗಟ್ಟಲೆ ಗುಟ್ಕಾ, ಮಾವಾ ತಿಂದವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಎರಡು ಬೆರಳು ಕೂಡ ಬಾಯೊಳಗೆ ಹೋಗದಂಥ ಸ್ಥಿತಿ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ವೈದ್ಯರು ಕರೆಯುವ ಇದಕ್ಕೆ ಮುಖ್ಯ ಕಾರಣ ಅಡಿಕೆ. ಕ್ಯಾನ್ಸರಿಗೆ ತಿರುಗುವ ಸಂಭವವೂ ಇದರಲ್ಲಿದೆ. ಇಂಥವರಿಗೆ ಗಮ್ಮು ಅಗಿಯುವುದು ಹಿಂಸೆ. ಪಟ್ಟಿಯೇ ಸರಿಯಾದ ದಾರಿ. ಮಸಾಲೆ ಇಲ್ಲದ ಚೀಪುವ ಮಾತ್ರೆಯನ್ನೂ ಬಾಯಿಯ ಉರಿ ನೋಡಿಕೊಂಡೇ ಕೊಡಬೇಕು.

ಅಡಿಕೆಯ ವಿಷಯ ಇನ್ನೂ ಆಳವಾದದ್ದು. ಅಡಿಕೆ ತಂಬಾಕಿಲ್ಲದೆಯೂ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸಾರಿದೆ. ಅದರೊಳಗಿನ ಅರೆಕೋಲಿನ್ ತನ್ನದೇ ಚಟ ಹತ್ತಿಸುತ್ತದೆ. ನಿಕೋಟಿನ್ ಗಮ್ಮು ಅದನ್ನು ಮುಟ್ಟುವುದಿಲ್ಲ. ‘ತಂಬಾಕು ಬಿಟ್ಟೀನಿ, ಬರೀ ಸುಪಾರಿ ತಿಂತೀನಿ’ ಎನ್ನುವವನು ಅರ್ಧ ದಾರಿಯಲ್ಲಿದ್ದಾನೆ. ಬಾಯಿ ಖಾಲಿ ಇರುವುದೇ ಕಷ್ಟವೆನ್ನುವವರಿಗೆ ಬಡೇಸೋಪು, ಲವಂಗ, ಏಲಕ್ಕಿ, ಈ ಸೀಮೆಯಲ್ಲಿ ಧಾರಾಳವಾಗಿ ಸಿಗುವ ಹುರಿದ ಶೇಂಗಾ ಕೈಗೆಟುಕುವ ಬದಲಿಗಳು.

ಔಷಧದ ಫಲದ ಬಗ್ಗೆ ಮೇಲೆ ಹೇಳಿದ ಅಂಕಿಗಳೆಲ್ಲ ಸೇದುವವರವು. ಹೊಗೆಯಿಲ್ಲದ ತಂಬಾಕಿನವರಲ್ಲಿ ಗಮ್ಮು, ಪಟ್ಟಿಗಳ ಪುರಾವೆ ಅಷ್ಟು ಗಟ್ಟಿಯಿಲ್ಲ. 2015ರ ಕಾಕ್ರೇನ್ ವಿಮರ್ಶೆ ಅವರಿಗೆ ವರೆನಿಕ್ಲಿನ್ ಮತ್ತು ಆಪ್ತಸಲಹೆ ಹೆಚ್ಚು ನೆರವಾಗುತ್ತವೆಂದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈಯಲ್ಲಿ ಹೊರತಂದ ಮಾರ್ಗಸೂಚಿಯೂ ಇವರಿಗೆ ತೀವ್ರ ಆಪ್ತಸಲಹೆಯನ್ನು ಒತ್ತಿ ಹೇಳುತ್ತದೆ. ಹೀಗಾಗಿ ಸೊಲ್ಲಾಪುರ–ಅಕ್ಕಲಕೋಟದ ಮಟ್ಟಿಗೆ ಗಮ್ಮು ಆಸರೆ ಮಾತ್ರ. ಮುಖ್ಯ ಚಿಕಿತ್ಸೆ ಮಾತು.

ಮಾತಿನ ನೆರವು

ಮಾತಿನಿಂದ ತಂಬಾಕು ಬಿಡಿಸಬಹುದೆಂದು ಜಗತ್ತಿಗೆ ತೋರಿಸಿದ ದೊಡ್ಡ ಪ್ರಯೋಗಗಳಲ್ಲೊಂದು ಭಾರತದ್ದೇ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಫಲಿ ಮೆಹ್ತಾ, ಪ್ರಕಾಶ್ ಗುಪ್ತಾ ಮತ್ತು ಸಂಗಡಿಗರು 1970ರ ದಶಕದ ಕೊನೆಯಿಂದ ಎರ್ನಾಕುಲಂ, ಭಾವನಗರ, ಶ್ರೀಕಾಕುಳಂ ಜಿಲ್ಲೆಗಳಲ್ಲಿ 36 ಸಾವಿರ ತಂಬಾಕು ಬಳಕೆದಾರರ ಬಾಯಿ ಪರೀಕ್ಷಿಸಿ, ಒಬ್ಬೊಬ್ಬರೊಡನೆ ಕೂತು ಮಾತಾಡಿ, ವರ್ಷವರ್ಷವೂ ಮರಳಿ ಹೋದರು. ಬಳಕೆ ಇಳಿಯಿತು, ಬಾಯಿಯ ಬಿಳಿ ಮಚ್ಚೆಗಳೂ ಕಡಿಮೆಯಾದವು. ಕರ್ನಾಟಕದಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯವರು 1980ರ ದಶಕದಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಚಲನಚಿತ್ರ, ಪ್ರದರ್ಶನ, ಮುಖಾಮುಖಿ ಮಾತಿನ ಮೂಲಕ ಇದೇ ಕೆಲಸ ಮಾಡಿ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಿನ ಇಳಿಕೆ ಕಂಡರು. ಮಿಸ್ರಿಯ ಹೆಣ್ಣುಮಕ್ಕಳ ಬಗ್ಗೆ ಭರವಸೆ ಇಟ್ಟುಕೊಳ್ಳಲು ಇದು ದೊಡ್ಡ ಆಧಾರ.

ತಂಬಾಕು ಬಿಡಿಸುವ ಕ್ಲಿನಿಕ್ಕುಗಳು ಭಾರತದಲ್ಲಿ 2002ರಲ್ಲಿ 13 ಕೇಂದ್ರಗಳಿಂದ ಶುರುವಾದವು, ಬೆಂಗಳೂರಿನ ನಿಮ್ಹಾನ್ಸ್ ಅವುಗಳಲ್ಲೊಂದು. 2007–08ರಲ್ಲಿ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ ಬಂತು. ಜಿಲ್ಲೆಗೊಂದು ಘಟಕ, ಬಿಡಿಸುವ ಕೇಂದ್ರ ಅದರ ಯೋಜನೆಯ ಭಾಗ. ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356 ದಿಲ್ಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ 2016ರಲ್ಲಿ ಆರಂಭವಾಯಿತು. 2018ರಲ್ಲಿ ಅದು ನಿಮ್ಹಾನ್ಸ್, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ಗುವಾಹಟಿಯ ಬರುವಾ ಕ್ಯಾನ್ಸರ್ ಸಂಸ್ಥೆಗಳಿಗೆ ಹರಡಿ, ಪ್ರಾದೇಶಿಕ ಭಾಷೆಗಳಲ್ಲಿ ಮಾತಾಡತೊಡಗಿತು. ಅಕ್ಕಲಕೋಟದ ಕನ್ನಡಿಗನಿಗೆ ಇದರ ಅರ್ಥ ದೊಡ್ಡದು: ಮಹಾರಾಷ್ಟ್ರದಲ್ಲಿ ಇದ್ದಾನೆಂದು ಮರಾಠಿಯಲ್ಲೇ ಹೇಳಿಕೊಳ್ಳಬೇಕಾಗಿಲ್ಲ, ಕನ್ನಡ ಬೇಕೆಂದು ಕೇಳಬಹುದು. ತನ್ನ ಚಟದ ಬಗ್ಗೆ ನಾಚಿಕೆಪಡುತ್ತ ಮಾತಾಡುವವನಿಗೆ ಮನೆಯ ಮಾತಲ್ಲದೆ ಬೇರೆ ಮಾತು ಬರುವುದಿಲ್ಲ.

ಸಲಹೆಗಾರರು ಮಾಡುವ ಕೆಲಸ ಸರಳ. ಎಷ್ಟು, ಎಂದಿನಿಂದ, ಯಾವ ಹೊತ್ತಿಗೆ ಎಂದು ಕೇಳುತ್ತಾರೆ; ಬಿಡುವ ಕಾರಣವನ್ನು ಕರೆ ಮಾಡಿದವರ ಬಾಯಿಂದಲೇ ಹೇಳಿಸುತ್ತಾರೆ; ಹತ್ತಿರದ ಒಂದು ದಿನ ಗೊತ್ತು ಮಾಡಿಸುತ್ತಾರೆ; ಆ ದಿನದ ನಂತರ ತಾವೇ ತಿರುಗಿ ಕರೆ ಮಾಡಿ ವಿಚಾರಿಸುತ್ತಾರೆ. ತಲಬು ಎದ್ದಾಗ ತಡೆಯಬೇಕಾದದ್ದು ಕೆಲವೇ ನಿಮಿಷ. ಅಷ್ಟು ಹೊತ್ತು ಒಂದು ಲೋಟ ನೀರು ನಿಧಾನವಾಗಿ ಕುಡಿಯುವುದು, ಆಳವಾಗಿ ಉಸಿರೆಳೆಯುವುದು, ಜಾಗ ಬಿಟ್ಟು ಎದ್ದು ನಡೆಯುವುದು, ಯಾರಿಗಾದರೂ ಫೋನ್ ಮಾಡುವುದು ಸಾಕು. ಬೀಡಿ ಕಟ್ಟು, ಮಿಸ್ರಿ ಡಬ್ಬಿ, ಚಂಚಿ ಮನೆಯಲ್ಲಿ ಇರಬಾರದು. ಪಾನಪಟ್ಟಿ ಅಂಗಡಿಯ ಕಟ್ಟೆಯ ಗೆಳೆತನವನ್ನು ಕೆಲವು ವಾರ ಬೇರೆ ಜಾಗಕ್ಕೆ ಒಯ್ಯಬೇಕು.

ಸಮೀಕ್ಷೆ ಹೇಳುವಂತೆ, ಬಿಡುವ ಮನಸ್ಸು ಜನರಲ್ಲಿ ಇದೆ: 2016–17ರಲ್ಲಿ ದೇಶದ ಸೇದುವವರಲ್ಲಿ ಶೇ. 55.4, ಹೊಗೆಯಿಲ್ಲದ ತಂಬಾಕಿನವರಲ್ಲಿ ಶೇ. 49.6 ಮಂದಿ ಬಿಡುವ ಯೋಚನೆಯಲ್ಲಿದ್ದರು. ಆದರೆ ಆಸ್ಪತ್ರೆಗೆ ಹೋದಾಗ ‘ಬಿಡಿ’ ಎಂಬ ಮಾತು ಕೇಳಿದ್ದು ಸೇದುವವರಲ್ಲಿ ಶೇ. 48.8, ತಿನ್ನುವವರಲ್ಲಿ ಬರೀ ಶೇ. 31.7. ಮೂರು ನಿಮಿಷದ ಆ ಮಾತಿಗೆ ಖರ್ಚಿಲ್ಲ. ಅದನ್ನು ಆಡದೆ ಔಷಧದ ಚೀಟಿ ಬರೆದು ಕಳಿಸುವುದು ವೈದ್ಯಕೀಯದ ದೊಡ್ಡ ಲೋಪ.

ಜೋಳಿಗೆಯ ಸಂಕಲ್ಪ

ಕನ್ನಡ ನಾಡಿನಲ್ಲಿ ಚಟ ಬಿಡಿಸುವ ಸ್ವಸಹಾಯಕ್ಕೆ ತನ್ನದೇ ಪರಂಪರೆ ಇದೆ. ಚಿತ್ತರಗಿ–ಇಳಕಲ್ ಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಿಂದ ಊರೂರಿಗೆ ಜೋಳಿಗೆ ಹಿಡಿದು ಹೋಗಿ ದುಡ್ಡು, ಧಾನ್ಯದ ಬದಲು ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಜನ ಬೀಡಿ ಕಟ್ಟು, ಗುಟ್ಕಾ ಚೀಟಿಗಳನ್ನು ಜೋಳಿಗೆಗೆ ಹಾಕಿ ಇನ್ನು ಮುಟ್ಟುವುದಿಲ್ಲವೆಂದು ಊರ ಮುಂದೆ ಮಾತು ಕೊಟ್ಟರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನ ಆಗಸ್ಟ್ 1 ಕರ್ನಾಟಕದಲ್ಲಿ ವ್ಯಸನಮುಕ್ತ ದಿನ. ಸೊನ್ನಲಿಗೆಯ ಸಿದ್ಧರಾಮನ ಊರಾದ ಸೊಲ್ಲಾಪುರದ ಶರಣ ಪರಂಪರೆಯ ಮನೆಗಳಿಗೆ ಈ ಭಾಷೆ ಹೊಸದಲ್ಲ. ಪಂಢರಪುರದ ವಾರಿಗೆ ನಡೆದು, ಕೊರಳಿಗೆ ತುಳಸಿಮಾಲೆ ಹಾಕಿಸಿಕೊಂಡು ವ್ಯಸನ ಬಿಡುವ ವಾರಕರಿಗಳೂ, ಶ್ರಾವಣದಲ್ಲಿ ಚಟ ಮುಟ್ಟದವರೂ ಪಕ್ಕದಲ್ಲೇ ಇದ್ದಾರೆ.

ಊರ ಮುಂದೆ ಕೊಟ್ಟ ಮಾತಿಗೆ ಬಲವಿದೆ. ಆದರೆ ಸಂಕಲ್ಪ ಮಾಡಿದ ಮೂರನೆಯ ದಿನ ಮೈ ನಡುಗಿ, ನಿದ್ದೆ ಬಾರದೆ ಒದ್ದಾಡುವವನಿಗೆ ದೇಹದ ನೆರವೂ ಬೇಕು. ಮಾತು ಮುರಿದವನು ನಾಚಿಕೆಯಿಂದ ಮಠದ ಕಡೆಗೂ ಆಸ್ಪತ್ರೆಯ ಕಡೆಗೂ ಮುಖ ಹಾಕುವುದಿಲ್ಲ. ಶ್ರಾವಣದ ಮೊದಲ ವಾರವೇ ಆಶಾ ಕಾರ್ಯಕರ್ತೆ ಗಮ್ಮು, ಪಟ್ಟಿ, ಸಹಾಯವಾಣಿಯ ಸಂಖ್ಯೆ ಹಿಡಿದು ಮನೆಗೆ ಬಂದರೆ ಒಂದು ತಿಂಗಳ ವ್ರತ ಚಿಕಿತ್ಸೆಯ ಕಾಲಾವಧಿಯಾಗುತ್ತದೆ: ದೇಹ ಅತಿ ಹೆಚ್ಚು ಕಾಡುವ ನಾಲ್ಕು ವಾರ ಶ್ರಾವಣದೊಳಗೇ ಮುಗಿದಿರುತ್ತವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸಿ ಕಾಯುವ ಕ್ರಮವೂ ತಂಬಾಕಿಗೆ ಒಗ್ಗುವಂಥದ್ದು.

ಬೀಡಿ ಕಟ್ಟುವ ಕೈಗಳು

ಸೊಲ್ಲಾಪುರದಲ್ಲಿ ತಂಬಾಕು ಚಟವಷ್ಟೇ ಅಲ್ಲ, ಅನ್ನವೂ ಹೌದು. ಹತ್ತಾರು ಸಾವಿರ ಹೆಂಗಸರು, ಅವರಲ್ಲಿ ಬಹುಪಾಲು ತೆಲುಗು ಮಾತಿನ ಪದ್ಮಶಾಲಿ ಮನೆತನದವರು, ಮನೆಯಲ್ಲಿ ಕೂತು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುತ್ತಾರೆ. ಮೊರದಲ್ಲಿ ತಂಬಾಕು, ಪಕ್ಕದಲ್ಲಿ ಕತ್ತರಿಸಿದ ಎಲೆ, ತೊಡೆಯ ಮೇಲೆ ಕೂಸು. ಕಾರ್ಮಿಕ ಮುಖಂಡ ನರಸಯ್ಯ ಆಡಂ ಅವರ ನಾಯಕತ್ವದ ಹೋರಾಟದಿಂದ ನಗರದ ಹತ್ತಿರದ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರಿಗಾಗಿ ಎದ್ದ ಗೋದೂತಾಯಿ ಪರುಳೇಕರ್ ವಸಾಹತಿನ ಹತ್ತು ಸಾವಿರ ಮನೆಗಳನ್ನು 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಉದ್ಘಾಟಿಸಿದರು. ಅಲ್ಲೇ ರೇನಗರದ 15 ಸಾವಿರ ಮನೆಗಳು 2024ರ ಜನವರಿಯಲ್ಲಿ ಕೈಸೇರಿದವು. ಬೀಡಿ ತಂಬಾಕಿನಲ್ಲಿ ದುಡಿಯುವವರ ದೇಹಕ್ಕೆ, ಅವರು ಸೇದದಿದ್ದರೂ, ಧೂಳು ಮತ್ತು ಚರ್ಮದ ಮೂಲಕ ನಿಕೋಟಿನ್ ಸೇರುತ್ತದೆಂದು ಅಧ್ಯಯನಗಳು ತೋರಿಸಿವೆ. ದಿನವಿಡೀ ತಂಬಾಕಿನ ವಾಸನೆಯಲ್ಲಿ ಇರುವವಳು ಮಿಸ್ರಿ ಬಿಡುವುದು ಎಷ್ಟು ಕಷ್ಟವೆಂಬುದನ್ನು ಬಿಡಿಸಲು ಬಂದವರು ಮೊದಲು ಒಪ್ಪಿಕೊಳ್ಳಬೇಕು. ಬೇರೆ ದುಡಿಮೆ ತೋರಿಸದೆ ಬೀಡಿಯನ್ನು ಬೈಯುವುದು ಇವರ ಮನೆಯ ಒಲೆಯನ್ನು ಬೈದಂತೆ ಕೇಳಿಸುತ್ತದೆ.

ಕಾನೂನು, ಗಡಿ, ಬೆಲೆ

ಸಾರ್ವಜನಿಕ ಜಾಗದಲ್ಲಿ ಸೇದುವುದಕ್ಕೆ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧವಿದೆ. ಗುಟ್ಕಾವನ್ನು ಮಹಾರಾಷ್ಟ್ರ 2012ರ ಜುಲೈಯಲ್ಲಿ, ಕರ್ನಾಟಕ 2013ರ ಮೇ 31ರಂದು ನಿಷೇಧಿಸಿದವು. ಹಾಗಿದ್ದೂ ಗಡಿ ದಾಟಿ ಬರುವ ಗುಟ್ಕಾ ಹಿಡಿದ ಸುದ್ದಿ ಈ ಭಾಗದ ಪತ್ರಿಕೆಗಳಲ್ಲಿ ತಪ್ಪುವುದಿಲ್ಲ. ಪಾನಮಸಾಲೆ ಬೇರೆ, ತಂಬಾಕು ಬೇರೆ ಚೀಟಿಯಲ್ಲಿ ಮಾರುವ ಉಪಾಯವೂ ನಿಂತಿಲ್ಲ. ಬಿಡಿ ಬೀಡಿ, ಬಿಡಿ ಸಿಗರೇಟಿನ ಮಾರಾಟವನ್ನು ಮಹಾರಾಷ್ಟ್ರ 2020ರಲ್ಲಿ ನಿಷೇಧಿಸಿತು. ಇ-ಸಿಗರೇಟು 2019ರಿಂದ ಕಾನೂನುಬಾಹಿರ. ಅದು ಬಿಡಿಸುವ ಔಷಧವೆಂಬ ಮಾತಿಗೆ ಮರುಳಾಗಬಾರದು.

ಬೆಲೆಯೇ ದೊಡ್ಡ ಅಡ್ಡಿ. ಒಂದು ಕಟ್ಟು ಬೀಡಿಯ ದುಡ್ಡಿಗೆ ಎರಡು-ಮೂರು ಗಮ್ಮಿಗಿಂತ ಹೆಚ್ಚು ಬರುವುದಿಲ್ಲ. ಮನೆಯಲ್ಲೇ ಹುರಿದ ಮಿಸ್ರಿಗಂತೂ ಖರ್ಚು ತೀರ ಕಡಿಮೆ. ಅದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಔಷಧ ತುಟ್ಟಿ, ವಿಷ ಅಗ್ಗ ಎಂಬ ಸ್ಥಿತಿಯಲ್ಲಿ ಬಡವನಿಗೆ ‘ಮನಸ್ಸು ಗಟ್ಟಿ ಮಾಡು’ ಎನ್ನುವುದು ಅನ್ಯಾಯ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಗಮ್ಮು, ಪಟ್ಟಿಗಳು ಅಕ್ಕಲಕೋಟದ ಗ್ರಾಮೀಣ ಆಸ್ಪತ್ರೆಯಲ್ಲಿ, ಮೈಂದರ್ಗಿ, ದುಧನಿಯಂಥ ಊರುಗಳಲ್ಲಿ ಪುಕ್ಕಟೆ ಸಿಗಬೇಕು. ಅವುಗಳ ಜೊತೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯೂ ಇರಬೇಕು.

ತಂಬಾಕಿನ ಪ್ರತಿ ಪೊಟ್ಟಣದ ಮೇಲೆ 2018ರ ಸೆಪ್ಟೆಂಬರ್‌ನಿಂದ ಸಹಾಯವಾಣಿಯ ಸಂಖ್ಯೆ ಅಚ್ಚಾಗುತ್ತಿದೆ. ಮನೆಯಲ್ಲಿ ಯಾರಾದರೂ ಬಿಡಬೇಕೆಂದುಕೊಂಡಿದ್ದರೆ ಅವರಿಗಾಗಿ 1800-11-2356ಕ್ಕೆ ನೀವೇ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬೇಕೆಂದು ಹೇಳಿ, ಫೋನನ್ನು ಅವರ ಕೈಗೆ ಕೊಡಿ.